ಬಾವಿಗೆ ಸಿಕ್ಕ ಸರ್ಟಿಫಿಕೇಟು

ಗುರುರಾಜನು ವಾಲ್ಟೇರಿನಿಂದ ಆದವಾನಿಗೆ ಬಂದಿಳಿದ ದಿನ ಊರಿನಲ್ಲಿ ಯಾವ ವಿಶೇಷವೂ ನಡೆಯಲಿಲ್ಲ. ಆದರೆ ಅವನು ಬಂದು ವರ್ಷ ತುಂಬುವುದರೊಳಗೆ ಅಲ್ಲಿ ಒಂದು ಬಾವಿ ಹಾಲಾಯಿತು, ಒಂದು ಓಣಿಗೆ ಓಣಿಯೇ ಕಪ್ಪಾಯಿತು, ಸರ್ಕಾರದ ಆಫೀಸರೊಬ್ಬರು ಊರಿನ ಮುದುಕಿಯರ ಕಾಲು ಹಿಡಿದರು. ಇಷ್ಟರಲ್ಲಿ ಉತ್ಪ್ರೇಕ್ಷೆ ಒಂದಕ್ಷರವೂ ಇಲ್ಲ. ಉತ್ಪ್ರೇಕ್ಷೆ ಬೇರೆ ಕಡೆ ಇದೆ. ಅದು ಬಂದಾಗ ತಾನೇ ತಿಳಿಯುತ್ತದೆ.

ಗುರುರಾಜ ಕಾಲೇಜಿನಲ್ಲಿ ಔಷಧಗಳ ರಸಾಯನಶಾಸ್ತ್ರ ಓದುತ್ತಿದ್ದ. ಕೊನೆಯ ಪರೀಕ್ಷೆಗೆ ಕೂಡುವ ಮೊದಲು ಒಂದು ವರ್ಷ ಯಾವುದಾದರೂ ಔಷಧದ ಕಾರ್ಖಾನೆಯಲ್ಲಿ ಕೈಕೆಲಸ ಕಲಿತು, ಅಲ್ಲಿನ ಮುಖ್ಯ ಕೆಮಿಸ್ಟರಿಂದ ಸರ್ಟಿಫಿಕೇಟಿಗೆ ಸಹಿ ಹಾಕಿಸಿಕೊಂಡು ಬರಬೇಕೆಂಬುದು ಕಾಲೇಜಿನ ಕಾಯಿದೆ. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ; ಪರೀಕ್ಷೆ ಇಲ್ಲದಿದ್ದರೆ ಡಿಗ್ರಿ ಇಲ್ಲ; ಡಿಗ್ರಿ ಇಲ್ಲದಿದ್ದರೆ ನಾಗಲದಿನ್ನೆಯಲ್ಲಿ ಹೊಳೆದಂಡೆಯ ಗುಡಿಯ ಪೂಜೆ ಮಾಡಿಕೊಂಡಿದ್ದ ಅವನ ತಂದೆ, ಗಂಟೆಯನ್ನು ಮಗನ ಕೈಗೆ ಕೊಟ್ಟು ತಾವು ಕಾಶಿಗೆ ಹೋಗಲು ಗಂಟುಮೂಟೆ ಕಟ್ಟಿ ಇಟ್ಟಿದ್ದರು.

ಆದವಾನಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನುಗಳ ಹಿಂದೆ ಶ್ರೀ ತುಂಗಾ ಔಷಧ ಕಾರ್ಖಾನೆ ಎಂಬುದೊಂದಿತ್ತು. ಅಲ್ಲಿ ಶುದ್ಧ ಮಾಡಿದ ಹರಳೆಣ್ಣೆ, ಕೂಸುಗಳ ಹೊಟ್ಟೆನೋವಿನ ನೀರು, ಕಣ್ಣಿನ ಔಷಧ ಮುಂತಾದವು ತಯಾರಾಗುತ್ತಿದ್ದವು. ಗಾಳಿ ಬೀಸಿದರೆ ಹತ್ತಿ ಹಾರಿ ಬಂದು ಔಷಧದಲ್ಲಿ ಬೀಳುತ್ತಿತ್ತು. ಕೆಲವು ಸೀಸೆಗಳಿಗೆ ಬೂಚು ಹಾಕುವ ಅಗತ್ಯವೇ ಬೀಳುತ್ತಿರಲಿಲ್ಲ. ಅದರ ಲ್ಯಾಬಿನಲ್ಲಿ ಗುರುರಾಜನಿಗೆ ಸಿಕ್ಕ ಕೆಲಸವೆಂದರೆ ನೀರನ್ನು ಕಾಯುವುದು. ನೀರು ಕುದ್ದು ಆವಿಯಾಗಿ, ಆವಿ ಗಾಜಿನ ಕೊಳವೆಯಲ್ಲಿ ತಣಿದು, ತೊಟ್ಟು ತೊಟ್ಟಾಗಿ ಸೀಸೆಗೆ ಬೀಳುತ್ತಿತ್ತು. ಅವನು ಎದುರಿಗೆ ಸ್ಟೂಲಿನ ಮೇಲೆ ಕೂತು ಅದನ್ನು ನೋಡಬೇಕು. ಸೀಸೆ ತುಂಬಿದಾಗ ಮುಖ್ಯ ಕೆಮಿಸ್ಟ್ ಚನ್ನಬಸಯ್ಯನವರನ್ನು ಕರೆಯಬೇಕು. ಅವರು ಬಂದು ಕಪಾಟಿನ ಬೀಗ ತೆಗೆದು, ಕಂದು ಗಾಜಿನ ಬಾಟಲಿಯಿಂದ ಸಿಲ್ವರ್ ನೈಟ್ರೇಟಿನ ಒಂದೇ ಒಂದು ಹನಿಯನ್ನು ಆ ನೀರಿಗೆ ಬಿಡುತ್ತಿದ್ದರು. ನೀರು ತಿಳಿಯಾಗಿಯೇ ಉಳಿದರೆ ಶುದ್ಧ. ಬೆಳ್ಳಗೆ ಕದಡಿದರೆ ಉಪ್ಪಿನಂಶ ಇದೆಯೆಂದು ಅರ್ಥ. ನೀರು ಗಟಾರಕ್ಕೆ, ಗುರುರಾಜ ಮತ್ತೆ ಸ್ಟೂಲಿಗೆ.

ಚನ್ನಬಸಯ್ಯನವರು ಆ ಬಾಟಲಿಯನ್ನು ಕಾಯುತ್ತಿದ್ದ ಬಗೆಯಲ್ಲಿ ಹಾವು ಕೂಡ ನಿಧಿಯನ್ನು ಕಾಯುವುದಿಲ್ಲ.

"ಲೇ ತಮ್ಮಾ, ಇದು ಕರಗಿಸಿದ ಬೆಳ್ಳಿ. ನಿನ್ನ ಲಗ್ನದಾಗ ನಿಮ್ಮ ಮಾವ ಕೊಡೋ ತಂಬಿಗಿಗಿಂತ ತುಟ್ಟಿ ಐತಿ. ಕೈಗೆ ಹತ್ತಿಸ್ಕೊಂಡ್ರ ಬಿಸಿಲಿಗೆ ಕರ್ರಗಾಗತೈತಿ, ತಿಕ್ಕಿದ್ರ ಹೋಗಂಗಿಲ್ಲ. ಮತ್ತ ಕೇಳು, ಈ ಲ್ಯಾಬಿನ ಸಾಮಾನು ಬಾಗಿಲಾ ದಾಟಿತು ಅಂದ್ರ, ನಿನ್ನ ಸಹಿನೂ ಬಾಗಿಲಾ ದಾಟಿ ಹೋತು ಅಂತ ತಿಳಕೋ."

ಗುರುರಾಜ ತಲೆಯಾಡಿಸಿದ. ಅವನು ತಲೆಯಾಡಿಸುವುದರಲ್ಲಿ ಇಡೀ ಕಾಲೇಜಿಗೇ ಮೊದಲಿಗ.

ಅವನು ಉಳಿದುಕೊಂಡದ್ದು ಮಠದ ಓಣಿಯಲ್ಲಿ, ಸೋದರತ್ತೆ ಕಾವೇರಿಬಾಯಿಯ ಮನೆಯಲ್ಲಿ. ಲ್ಯಾಬಿನಲ್ಲಿ ಹಗಲೆಲ್ಲ ಬಾಯಿ ಮುಚ್ಚಿಕೊಂಡು ನೀರು ನೋಡುತ್ತಿದ್ದವನು ಸಂಜೆ ಊಟಕ್ಕೆ ಕೂತೊಡನೆ ಬಾಯಿ ಬಿಡುತ್ತಿದ್ದ. "ಅತ್ತೀ, ಇಡೀ ಜಿಲ್ಲಾದಾಗ ಶುದ್ಧ ಯಾವುದು, ಅಶುದ್ಧ ಯಾವುದು ಅಂತ ಹೇಳೋ ಅಧಿಕಾರ ನನ್ನ ಕೈಯಾಗ ಅದ" ಎನ್ನುವನು. ಕಾವೇರಿಬಾಯಿ "ಹೌದೇನೋ, ಮೊದಲು ಎಡಗೈ ಎಲಿಗೆ ಹತ್ತದಂಗ ಉಣ್ಣು" ಎನ್ನುವಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಲ್ಲಿ ಬರದಿದ್ದರೆ ಎಂದೆಂದಿಗೂ ಅಲ್ಲಿಗೇ ಮುಗಿಯುತ್ತಿತ್ತು.

ಆಂಧ್ರ ರಾಜ್ಯ ಹುಟ್ಟಿ ಎರಡನೆಯ ವರ್ಷ ನಡೆದಿತ್ತು. ಚುನಾವಣೆ ಹತ್ತಿರ ಬಂದದ್ದರಿಂದ ಓಣಿಗೆ ನಲ್ಲಿ ಬಂತು. ಆದವಾನಿಯ ಮಡಿ ಹೆಂಗಸರು ಅದನ್ನು ದೂರದಿಂದ, ಹುಚ್ಚುನಾಯಿಯನ್ನು ನೋಡುವಂತೆ ನೋಡಿದರು.

"ಆ ನಳದ ಬಾಯಾಗ ತೊಗಲಿನ ಬಿಲ್ಲಿ ಇಟ್ಟಿರ್ತಾರ. ತೊಗಲು ಮುಟ್ಟಿದ ನೀರು ನಮ್ಮ ದೇವರಿಗೆ ನಡಿಯಂಗಿಲ್ಲ" ಎಂದಳು ಕಾವೇರಿಬಾಯಿ. "ನಮ್ಮ ಮಾವನವರು ತೋಡಿಸಿದ ಬಾವಿ ಅದ. ಗಂಗಾ ಅದರ ಮುಂದ ಏನು?"

ಗುರುರಾಜ ಸುಮ್ಮನಿರಬಹುದಿತ್ತು. ಆದರೆ ಬಾಯಲ್ಲಿ ಸಾರು ಇರಲಿಲ್ಲ, ಖಾಲಿ ಇತ್ತು.

"ತೊಗಲು ಮ್ಯಾಲಿನ ಮಾತಾತು ಅತ್ತೀ. ನಿನ್ನ ಬಾವಿ ನೀರಿನ ಒಳಗೇ ಹೊಲಸು ಅದ. ಕಣ್ಣಿಗೆ ಕಾಣಂಗಿಲ್ಲ, ಅಷ್ಟ. ನಾ ಲ್ಯಾಬಿನಾಗ ಮಾಡೋ ನೀರು ನೋಡು. ಬೆಂಕಿ ಒಳಗ ಹಾದು, ಆವಿ ಆಗಿ, ಗಾಜಿನಾಗ ಇಳೀತದ. ಮನುಷ್ಯರ ಕೈ ಮುಟ್ಟಂಗಿಲ್ಲ. ಅದಕ್ಕಿಂತ ಮಡಿ ಬ್ಯಾರೆ ಯಾವುದದ?"

ಬಡಿಸುತ್ತಿದ್ದ ಸೌಟು ಗಾಳಿಯಲ್ಲಿ ನಿಂತಿತು. ಪಕ್ಕದ ಮನೆಯಲ್ಲಿ ಹಿಟ್ಟು ಬೀಸುತ್ತಿದ್ದ ಜಯಾಬಾಯಿಯ ಬೀಸುಕಲ್ಲೂ ನಿಂತಿತು. ತಮ್ಮ ಬಾವಿಯ ನೀರೇ ಸಿಹಿಯೆಂದು ಇಪ್ಪತ್ತು ವರ್ಷದಿಂದ ವಾದಿಸುತ್ತಿದ್ದ ಜಯಾಬಾಯಿ ಗೋಡೆಯ ಮೇಲಿಂದ ತಲೆ ಎತ್ತಿ, "ಏನಂದಿಯೋ ಗುರ್ರಾಜಾ? ಜೋರಾಗಿ ಅನ್ನು, ಮಿಶಿನ್ನಿನ ಸಪ್ಪಳಕ್ಕ ಕೇಳಿಸಲಿಲ್ಲ" ಎಂದಳು. ಜಿನ್ನಿನ ಮಿಶಿನ್ನು ಮೈಲಿಯಾಚೆ ಇತ್ತು.

ಕಾವೇರಿಬಾಯಿ ಶಾಂತವಾಗಿ ಅಂದಳು: "ತೋರಿಸು."

"ಏನು?"

"ಹೊಲಸು. ಜಯಾಬಾಯಾರ ಎದುರಿಗೆ ತೋರಿಸು, ಮಠದ ಆಚಾರ್ರ ಎದುರಿಗೆ ತೋರಿಸು. ತೋರಿಸದಿದ್ರ ನಾಳಿಯಿಂದ ನೀನೇ ಮಡಿ ಉಟ್ಟು ನನಗ ನೀರು ಸೇದಿ ಹಾಕು."

ಬಾವಿ ಆಳವಿತ್ತು. ಅದರೊಳಗೆ ಬಿದ್ದ ಕೊಡ ನೀರು ಮುಟ್ಟಿದ ಸಪ್ಪಳ ಮೇಲೆ ಬರುವಷ್ಟರಲ್ಲಿ ಜನ ಒಂದು ನಿದ್ದೆ ತೆಗೆದೇಳುತ್ತಿದ್ದರು. ಗುರುರಾಜನಿಗೆ ಬೇರೆ ದಾರಿ ಉಳಿಯಲಿಲ್ಲ. ಶನಿವಾರ ಸಂಜೆ ಚನ್ನಬಸಯ್ಯನವರು ಹರಳೆಣ್ಣೆಯ ಡಬ್ಬಿಗಳನ್ನು ಎಣಿಸಲು ಹೋದಾಗ, ಬೀಗ ತೆರೆದೇ ಇದ್ದ ಕಪಾಟಿನಿಂದ ಕಂದು ಬಾಟಲಿ ಅವನ ಕೋಟಿನ ಕಿಸೆಗೆ ಬಂತು. ಜೊತೆಗೆ ಒಂದು ಸೀಸೆ ಬಟ್ಟಿ ನೀರು. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ವಾಪಸು ಇಟ್ಟರಾಯಿತು ಎಂದುಕೊಂಡ. ಒಂದು ಹನಿಯ ಮಾತು ತಾನೆ.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಸಭೆ ಕೂಡಿತು. ಕಟ್ಟೆಯ ಮೇಲೆ ಮಠದ ನರಸಿಂಹಾಚಾರ್ಯರು. ಅವರು ಶಾಸ್ತ್ರದಲ್ಲಿ ತೀರ್ಪು ಕೊಟ್ಟರೆ ಸೂರ್ಯ ಕೂಡ ಒಮ್ಮೆ ನಿಂತು ಕೇಳಿ ಮುಂದೆ ಹೋಗುತ್ತಿದ್ದ. ಅವರ ಸುತ್ತ ಓಣಿಯ ಗಂಡಸರು, ಬಾಗಿಲಲ್ಲಿ ಜಯಾಬಾಯಿಯ ಸೈನ್ಯ. ತಲಬಾಗಿಲಿನ ಹೊರಗೆ, ಗೋನೆಗಂಡ್ಲದಿಂದ ಸೊಪ್ಪು ಮಾರಲು ಬಂದ ಗಾದಿಲಿಂಗಮ್ಮ ಬುಟ್ಟಿ ಇಳಿಸಿ ಇಣುಕುತ್ತಿದ್ದಳು. ಮಡಿ ನೀರಿನ ಹತ್ತಿರ ಆಕೆಗೆ ಪ್ರವೇಶವಿರಲಿಲ್ಲ, ನೋಡುವುದಕ್ಕೆ ಅಡ್ಡಿಯಿರಲಿಲ್ಲ.

ಎರಡು ಬೆಳ್ಳಿ ಬಟ್ಟಲು ಇಟ್ಟರು. ಒಂದರಲ್ಲಿ ಲ್ಯಾಬಿನ ನೀರು, ಒಂದರಲ್ಲಿ ಬಾವಿಯ ನೀರು.

"ಆ ಬಾಟ್ಲಿಯಾಗ ಏನದ?" ಆಚಾರ್ಯರು ಕೇಳಿದರು.

"ಕರಗಿಸಿದ ಬೆಳ್ಳಿ ಆಚಾರ್ರೇ."

"ಬೆಳ್ಳಿಗೆ ದೋಷ ಇಲ್ಲ. ಹಾಕು."

ಗುರುರಾಜ ಕೋಟಿನ ತೋಳು ಏರಿಸಿದ. ಲ್ಯಾಬಿನ ನೀರಿಗೆ ಒಂದು ಹನಿ ಬಿಟ್ಟ. ಏನೂ ಆಗಲಿಲ್ಲ. "ನೋಡ್ರಿ, ಶುದ್ಧ!" ಎಂದ. ಬಾವಿಯ ನೀರಿಗೆ ಒಂದು ಹನಿ ಬಿಟ್ಟ. ಹನಿ ಬಿದ್ದಲ್ಲಿ ಬಿಳಿ ಮೋಡವೆದ್ದಿತು; ಮೋಡ ಹರಡಿತು; ಬಟ್ಟಲಿನ ತುಂಬ ನೊರೆಹಾಲಿನಂಥ ಬೆಳ್ಳನೆಯ ನೀರು ನಿಂತಿತು.

"ನೋಡಿದ್ರಿಲ್ಲ?" ಎಂದು ಗುರುರಾಜ ಗೆದ್ದ ಪೈಲ್ವಾನನಂತೆ ಸುತ್ತ ನೋಡಿದ.

ಅವರು ನೋಡಿದ್ದರು. ಕಾವೇರಿಬಾಯಿ ಕೈಯಲ್ಲಿದ್ದ ಜಪಮಣಿ ಬಿಟ್ಟು ಬಾವಿಕಟ್ಟೆಗೆ ಉದ್ದಕ್ಕೆ ಅಡ್ಡಬಿದ್ದಳು.

"ಹಾಲಾತು! ನಮ್ಮ ಮಾವನವರ ಬಾವಿ ಹಾಲಾತು!"

"ಅತ್ತೀ, ಅದು ಹಾಲಲ್ಲ! ಅದೇ ಹೊಲಸು!"

"ಹಾಲಿಗೆ ಹೊಲಸು ಅಂತೀ? ನಾಲಿಗಿ ತೊಳಕೊಂಡು ಬಾ!"

"ಕ್ಷೀರಸಮುದ್ರದ ಅಂಶ" ಎಂದರು ಆಚಾರ್ಯರು ಎದ್ದು ನಿಂತು. "ಕರಗಿದ ಬೆಳ್ಳಿ ತಾಕಿದ ಕೂಡಲೇ ತನ್ನ ನಿಜ ರೂಪಾ ತೋರಿಸ್ತು. ಆ ಇನ್ನೊಂದು ಬಟ್ಟಲದಾಗ ಏನೂ ಆಗ್ಲಿಲ್ಲ ನೋಡು. ಬೆಂಕಿಯಾಗ ಕುದಿಸಿ ಕುದಿಸಿ ಆ ನೀರಿನ ಜೀವಾನೇ ತಗದೀರಿ. ಅದು ಸತ್ತ ನೀರು."

"ವರ್ಷಗಟ್ಟಲೆ ಸತ್ತ ನೀರು ಕಾಕೋತ ಕೂತಿದ್ದೇನೋ ನೀನು!" ಎಂದಳು ಜಯಾಬಾಯಿ. ಅವಳಿಗೆ ತನ್ನ ಬಾವಿಯ ಚಿಂತೆ ಹತ್ತಿತ್ತು. "ನಮ್ಮ ಬಾವಿಗೂ ಒಂದು ಹನಿ ಹಾಕು. ಕೆನಿ ಬರ್ತದ, ಕೆನಿ!"

ಗುರುರಾಜ ಲವಣ, ಕ್ಲೋರೈಡು ಎಂದೆಲ್ಲ ವಿವರಿಸಲು ಹೊರಟ. ಆದರೆ ಬಟ್ಟಲಿಗೆ ಬಿಸಿಲು ಬಿದ್ದಿತ್ತು. ಬೆಳ್ಳಗಿದ್ದ ನೀರು ಎಲ್ಲರ ಕಣ್ಣೆದುರಿಗೇ ನಸುನೀಲಿಗೆ ತಿರುಗತೊಡಗಿತು. ರಸಾಯನಶಾಸ್ತ್ರಕ್ಕೆ ಇದೇನೂ ಹೊಸದಲ್ಲ. ಆ ಬಿಳಿ ಪದಾರ್ಥದ ಗುಣವೇ ಅದು. ಆದರೆ ಮಠದ ಓಣಿಗೆ ಆ ಬಣ್ಣದ ಪರಿಚಯ ಬೇರೆ ಕಡೆಯಿಂದ ಆಗಿತ್ತು.

"ಕೃಷ್ಣಾ!" ಎಂದು ಆಚಾರ್ಯರು ಕೂಗಿದರು. "ಹಾಲಿನೊಳಗ ಶ್ಯಾಮವರ್ಣ! ಹೇ ಮುಕುಂದಾ!"

ಆಮೇಲೆ ಗುರುರಾಜನ ಮಾತನ್ನು ಕೇಳುವವರು ಆದವಾನಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಕಾವೇರಿಬಾಯಿ ದೊಡ್ಡ ಬೆಳ್ಳಿ ಬೋಗುಣಿ ತಂದು ಬಾವಿ ನೀರು ತುಂಬಿದಳು. ಅವನ ಕೈಯಿಂದ ಬಾಟಲಿಯನ್ನು ಕಿತ್ತುಕೊಂಡಳು. ಹನಿ ಹಾಕುವ ಜಿಪುಣತನ ಅವಳ ತವರಿನಲ್ಲೂ ಇರಲಿಲ್ಲ, ಗಂಡನ ಮನೆಯಲ್ಲೂ ಇರಲಿಲ್ಲ. ಬಾಟಲಿ ಬಗ್ಗಿಸಿ ಗಟಗಟನೆ ಸುರಿದಳು. ಆಚಾರ್ಯರು ಉದ್ಧರಣೆ ಎತ್ತಿ, "ಬರ್ರಿ, ತೀರ್ಥ ತಗೋರಿ" ಎಂದರು.

ಗುರುರಾಜ ಬೋಗುಣಿಯತ್ತ ಜಿಗಿದ. ಓಣಿಯೆಲ್ಲ ಬೆಳ್ಳಿಯ ನೀರು ಕುಡಿದರೆ ಸರ್ಟಿಫಿಕೇಟಿನ ಮಾತು ಹಾಗಿರಲಿ, ಹಗ್ಗವೇ ಗತಿ.

"ಕುಡೀಬ್ಯಾಡ್ರಿ!" ಎಂದು ಅವನು ಬೋಗುಣಿಗೆ ಅಡ್ಡ ನಿಂತು ಕಿರಿಚಿದ. "ಇದು… ಇದು ಕುಡಿಯೋ ತೀರ್ಥ ಅಲ್ಲ! ಎರಡೂ ಕೈಬೆರಳು ಅದ್ದಿ ಕಣ್ಣಿಗೆ ಒತ್ತಿಕೊಳ್ಳೋ ತೀರ್ಥ!"

ಆಚಾರ್ಯರು ಒಂದು ಗಳಿಗೆ ಯೋಚಿಸಿ, "ಹುಡುಗ ಬರೋಬರಿ ಹೇಳ್ತಾನ. ದರ್ಶನಕ್ಕ ಕಣ್ಣೇ ಪ್ರಧಾನ" ಎಂದರು. ಜನ ಸಾಲಾಗಿ ಬಂದು, ಮಂಗಳಾರತಿ ತೆಗೆದುಕೊಳ್ಳುವಂತೆ ಎರಡೂ ಕೈ ಅದ್ದಿ ಕಣ್ಣಿಗೊತ್ತಿಕೊಂಡರು. ಹೊಟ್ಟೆಗಳನ್ನು ಉಳಿಸಿದ ಸಮಾಧಾನದಲ್ಲಿ ಗುರುರಾಜ ಕಟ್ಟೆಯ ಮೇಲೆ ಕುಸಿದು ಕೂತ. ಚರ್ಮದ ವಿಷಯ ಚನ್ನಬಸಯ್ಯನವರು ಹೇಳಿದ್ದು ಅವನ ತಲೆಯಲ್ಲೇ ಇತ್ತು. ಆದರೆ ಆ ಹೊತ್ತಿಗೆ ತಲೆ ಅವನ ಹತ್ತಿರ ಇರಲಿಲ್ಲ.

"ಅವ್ವಾರ, ನಮಗಿಷ್ಟು!" ಎಂದಳು ಗಾದಿಲಿಂಗಮ್ಮ ಬಾಗಿಲಾಚೆಯಿಂದ.

"ನೀ ಮುಟ್ಟಬ್ಯಾಡ. ಅಲ್ಲೇ ನಿಂದ್ರು" ಎಂದು ಕಾವೇರಿಬಾಯಿ ದರ್ಭೆಯಿಂದ ಆಕೆಯ ಮುಖಕ್ಕೆ ನಾಲ್ಕು ಹನಿ ಚಿಮುಕಿಸಿದಳು.

ಗಾದಿಲಿಂಗಮ್ಮ ಸೊಪ್ಪಿನ ಬುಟ್ಟಿಯೊಡನೆ ಸುದ್ದಿಯನ್ನೂ ಹೊತ್ತುಕೊಂಡು ಹೋದಳು. ಗೋನೆಗಂಡ್ಲ ಮುಟ್ಟುವಾಗ ಬಾವಿಯ ಹಾಲು ಮೊಸರಾಗಿತ್ತು. ಕೋಸಗಿ ಸ್ಟೇಷನ್ನಿನಲ್ಲಿ ಅದು ಬೆಣ್ಣೆಯಾಯಿತು. ನಾಗಲದಿನ್ನೆಯಲ್ಲಿದ್ದ ಗುರುರಾಜನ ತಂದೆಯ ಕಿವಿಗೆ ಬೀಳುವಾಗ ಕಾವೇರಿ ದಿನಾಲು ಕೊಡಗಟ್ಟಲೆ ಕಾಯಿಸಿದ ತುಪ್ಪ ಸೇದುತ್ತಾಳೆಂದು ಸುದ್ದಿಯಾಗಿತ್ತು. ಹೊಳೆಯಾಚೆಯವರು ರೊಟ್ಟಿ ಕಟ್ಟಿಕೊಂಡೇ ಹೊರಟಿದ್ದರು.

ಸೋಮವಾರ ಬೆಳಗ್ಗೆ ಮಠದ ಓಣಿ ಎದ್ದು ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಭಾನುವಾರದ ಬಿಸಿಲು ತನ್ನ ಕೆಲಸ ಮುಗಿಸಿತ್ತು. ಎಲ್ಲರ ಹತ್ತೂ ಬೆರಳು ಇದ್ದಿಲಿನಂತೆ ಕಪ್ಪು. ಕಣ್ಣಿನ ಸುತ್ತ ಕಾಡಿಗೆ. ನರಸಿಂಹಾಚಾರ್ಯರಂತೂ ನಾಟಕ ಮುಗಿಸಿ ಬಣ್ಣ ತೊಳೆಯದೆ ಮಲಗಿದ ಮೋಹಿನಿಯಂತೆ ಕಾಣುತ್ತಿದ್ದರು. ಹನಿ ಸಿಡಿದ ಬಿಳಿ ಧೋತರಗಳ ಮೇಲೆಲ್ಲ ಕರಿ ಚುಕ್ಕೆ. ಹುಣಸೆಹಣ್ಣು ತಿಕ್ಕಿದರು, ಬೂದಿ ತಿಕ್ಕಿದರು, ಸೀಗೆಪುಡಿ ತಿಕ್ಕಿದರು; ಚರ್ಮ ಹೋಗುವಂತಿತ್ತು, ಕಪ್ಪು ಹೋಗುವಂತಿರಲಿಲ್ಲ.

"ಕೃಷ್ಣ ತನ್ನ ಬಣ್ಣಾ ಕೊಟ್ಟಾನ" ಎಂದರು ಆಚಾರ್ಯರು ಕನ್ನಡಿಯನ್ನು ಬೋರಲು ಹಾಕಿ. ಓಣಿ ಒಪ್ಪಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಬೆರಳು ಬೆಳ್ಳಗಿದ್ದವರೇ ಮುಖ ಮುಚ್ಚಿಕೊಂಡು ಓಡಾಡುವಂತಾಯಿತು.

ಮಂಗಳವಾರ ಓಟು.

ಬಾಲಕರ ಸ್ಕೂಲಿನಲ್ಲಿ ಮತಗಟ್ಟೆ. ಕರ್ನೂಲಿನಿಂದ ಬಂದಿದ್ದ ಆಫೀಸರು ಅಚ್ಚ ತೆಲುಗಿನವರು; ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಮಡಿಕೆ ಮುರಿಯದ ಪ್ಯಾಂಟು, ಮಡಿಕೆ ಬೀಳದ ಮುಖ. ಮೊದಲು ಬಂದವಳು ಗಾದಿಲಿಂಗಮ್ಮನ ಅಕ್ಕ ಲಿಂಗಕ್ಕ. ಆದವಾನಿಯಲ್ಲೇ ಅವಳ ಮನೆ. ಓಟು ಹಾಕಿ ಹೋದಳು. ಆಮೇಲೆ ಬಂದದ್ದು ಕಾವೇರಿಬಾಯಿ. ಉಪವಾಸವಿದ್ದಳು, ಓಟು ಹಾಕಿಯೇ ಬಾಯಿಗೆ ನೀರು ಎಂದು ದೇವರ ಮುಂದೆ ಹೇಳಿ ಬಂದಿದ್ದಳು. ಆದವಾನಿಯನ್ನು ಬಳ್ಳಾರಿ ಜಿಲ್ಲೆಯಿಂದ ತೆಗೆದು ತನ್ನನ್ನು ಕೇಳದೆ ಆಂಧ್ರಕ್ಕೆ ಸೇರಿಸಿದ್ದಕ್ಕೆ ಈ ಸಲ ಪೆಟ್ಟಿಗೆಯೊಳಗೇ ಉತ್ತರ ಕೊಡುವುದು ಅವಳ ಹಟ.

ಆಫೀಸರು ಶಾಯಿಯ ಕಡ್ಡಿ ಅದ್ದಿ, ಅವಳ ಎಡಗೈ ನೋಡಿ, ಕಡ್ಡಿ ಕೆಳಗಿಟ್ಟರು.

"ಏಮಮ್ಮಾ, ಪೊದ್ದುನ್ನೇ ಓಟು ವೇಸಿ ಮಳ್ಳೀ ವಚ್ಚಾರಾ?"

"ಹಾಕಿಲ್ಲಪಾ ಇನ್ನೂ. ಮತ್ತ ಬಂದಾಕಿ ಅಲ್ಲ, ಈಗ ಮೊದಲ ಸಲ ಬಂದೀನಿ."

"ಬೆರಳು ಕಪ್ಪಗುಂದಿ ಗದಾ!"

"ಅದು ಕೃಷ್ಣನ ಬಣ್ಣ."

ಆಫೀಸರು ಅವಳ ಹಿಂದಿನವರ ಕೈ ನೋಡಿದರು. ಅವಳ ಹಿಂದಿನವರ ಹಿಂದಿನವರ ಕೈ ನೋಡಿದರು. ಸ್ಕೂಲಿನ ಗೇಟಿನವರೆಗೆ ಸಾಲಿನ ಕೈಗಳೆಲ್ಲ ಕಪ್ಪು. ಎಲ್ಲರದೂ ಹತ್ತಕ್ಕೆ ಹತ್ತೂ ಬೆರಳು. ಒಬ್ಬೊಬ್ಬರು ಹತ್ತು ಹತ್ತು ಓಟು ಹಾಕಿ ಬಂದ ಊರನ್ನು ಅವರು ಸರ್ವೀಸಿನಲ್ಲಿ ನೋಡಿರಲಿಲ್ಲ.

ಅಷ್ಟರಲ್ಲಿ ಎರಡು ಕಡೆಯ ಏಜೆಂಟರೂ ಎದ್ದರು. "ನೋಡ್ರಿ ಸಾರ್, ಇವರ ಕಡೆಯವ್ರು ರಾತ್ರೋರಾತ್ರಿ ಓಣಿಗೇ ಓಟು ಹಾಕ್ಸ್ಯಾರ!" ಎಂದ ಮಾರೆಣ್ಣ. "ನಮ್ಮ ಕಡೆಯವ್ರಾ? ಹಾಕ್ಸಿದವ್ರು ನೀವು, ಕೂಗಾವ್ರೂ ನೀವಾ?" ಎಂದ ಸುಂಕಣ್ಣ. ಇಬ್ಬರೂ ಒಂದೇ ಬೆಂಚಿನ ಎರಡು ತುದಿ ಎತ್ತಿ ಒಬ್ಬರಿಗೊಬ್ಬರು ಹೊಡೆಯಲು ನೋಡಿದರು. ಬೆಂಚು ಒಂದೇ ಆದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಗೇಟಿನಾಚೆ ನಿಂತ ಗಾದಿಲಿಂಗಮ್ಮ, ಮುಖದ ಮೇಲೆ ಚಿರತೆಯಂತೆ ನಾಲ್ಕು ಚುಕ್ಕೆ ಹೊತ್ತು, "ಮುಟ್ಟಬ್ಯಾಡ ಅಂದಿದ್ದು ಚಲೋ ಆತು ನೋಡ್ರಿ ಅವ್ವಾರ. ನಮ್ಮವ್ರ ಕೈಯೆಲ್ಲ ಬೆಳ್ಳಗ ಅದಾವು, ಓಟು ಹಾಕಿ ಹೊಂಟಾರ!" ಎಂದಳು. ಕಾವೇರಿಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಜನ್ಮದಲ್ಲಿ ಇದು ಮೊದಲ ಸಲ.

ಆಫೀಸರು ಊರಿನಲ್ಲಿ ಕೆಮಿಸ್ಟ್ ಯಾರಾದರೂ ಇದ್ದಾರೆಯೇ ಎಂದು ಕೇಳಿ, ಪೊಲೀಸನನ್ನು ಜೀಪಿನಲ್ಲಿ ಕಳಿಸಿದರು.

ಹೀಗೆ ಚನ್ನಬಸಯ್ಯನವರು ಮತಗಟ್ಟೆಗೆ ಬಂದರು. ಅವರ ಚೀಲ ಹಿಡಿದು ಹಿಂದೆ ಗುರುರಾಜ ಬಂದ. ಬಾಟಲಿ ವಾಪಸು ಬಂದಿರಲಿಲ್ಲವಾದ್ದರಿಂದ ಎರಡು ದಿನದಿಂದ ಅವನು ಕಪಾಟಿನ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಂಡಿದ್ದ. ಸೀಸೆ ತುಂಬಿದೊಡನೆ ತಾನೇ ಎಡವಿ ಚೆಲ್ಲುತ್ತಿದ್ದ. ಸಹಿಗೆ ಇನ್ನೊಂದೇ ವಾರವಿತ್ತು.

ಚನ್ನಬಸಯ್ಯನವರು ಕಾವೇರಿಬಾಯಿಯ ಬೆರಳನ್ನು ಭೂತಗನ್ನಡಿಯಲ್ಲಿ ನೋಡಿದರು. ಮೂಸಿದರು.

"ಸಿಲ್ವರ್ ನೈಟ್ರೇಟ್" ಎಂದರು. "ಸಂಶಯಾನ ಇಲ್ಲ."

"ಅಂತೇ!" ಎಂದು ಆಫೀಸರು ಮೇಜು ಗುದ್ದಿದರು. "ಮಾ ಶಾಯಿಯಲ್ಲೂ ಅದೇ ಇರೋದು. ಅಂದ್ರೆ ಎಲ್ಲರೂ ಓಟು ಹಾಕಿದ್ದಾರೆ!"

"ಹಂಗಾರ ಅಷ್ಟು ಶಾಯಿ ನಿಮ್ಮ ಪೆಟ್ಟಿಗಿಯಿಂದ ಹೊರಗ ಬಂತೇನ್ರಿ?" ಎಂದು ಚನ್ನಬಸಯ್ಯನವರು ಸಹಜವಾಗಿಯೇ ಕೇಳಿದರು.

ಆಫೀಸರ ಮುಖ ಬಿಳುಪೇರಿತು. ಶಾಯಿ ಸೋರಿದರೆ ಹೋಗುವುದು ಅವರ ನೌಕರಿ. "ಲೇದು ಲೇದು! ಈ ಊರಿನಲ್ಲಿ ಆ ಪದಾರ್ಥ ಬೇರೆ ಎಲ್ಲಿ ಸಿಗುತ್ತೆ?"

"ನಮ್ಮ ಲ್ಯಾಬಿನಾಗ ಒಂದ…" ಎಂದ ಚನ್ನಬಸಯ್ಯನವರು ಅಲ್ಲಿಗೇ ಬಾಯಿ ಮುಚ್ಚಿದರು. ಕಪಾಟಿನ ಬೀಗದಕೈ ಇದ್ದದ್ದು ಅವರ ಹತ್ತಿರವೇ. ಅವರ ಮುಖವೂ ಬಿಳುಪೇರಿತು. ಮತಗಟ್ಟೆಯಲ್ಲಿ ಆಗ ಬೆಳ್ಳಗೆ ಇದ್ದದ್ದು ಅವರಿಬ್ಬರ ಮುಖಗಳೇ.

ಗುರುರಾಜ ಅತ್ತೆಯನ್ನು ನೋಡಿದ. ಬಿಸಿಲು ನೆತ್ತಿಗೇರಿತ್ತು. ಒಂದು ಹನಿ ನೀರು ಕುಡಿಯದೆ ಅವಳು ಗೋಡೆಗೆ ಒರಗಿ ನಿಂತಿದ್ದಳು. ಆದರೂ ಸಾಲು ಬಿಟ್ಟಿರಲಿಲ್ಲ. ಅವನಿಗೆ ನಾಗಲದಿನ್ನೆಯ ಗಂಟೆ ಕೇಳಿಸಿತು. ಆದರೂ ಮುಂದೆ ಬಂದ.

"ನಂದೇ ತಪ್ಪು ಸಾರ್. ಲ್ಯಾಬಿನ ಬಾಟ್ಲಿ ನಾನೇ ಮನಿಗೆ ಒಯ್ದೆ. ಇವರು ಯಾರೂ ಓಟು ಹಾಕಿಲ್ಲ."

ಸತ್ಯಕ್ಕೆ ಆದವಾನಿಯಲ್ಲಿ ಅಷ್ಟು ಬೇಗ ಅಷ್ಟು ಜೋರಿನ ವಿರೋಧ ಯಾವತ್ತೂ ಬಂದಿರಲಿಲ್ಲ.

"ಏ, ಸುಮ್ಮನಿರಲೇ!" ಎಂದರು ಚನ್ನಬಸಯ್ಯ.

"ನೂವು ಊರುಕೋ!" ಎಂದರು ಆಫೀಸರು. ಬಾಟಲಿ ಎಂದರೆ ಪಂಚನಾಮೆ. ಪಂಚನಾಮೆ ಎಂದರೆ ಕರ್ನೂಲಿಗೆ ರಿಪೋರ್ಟು. ರಿಪೋರ್ಟು ಎಂದರೆ ಮತ್ತೊಮ್ಮೆ ಇದೇ ಊರಿನಲ್ಲಿ ಇದೇ ಜನರ ಓಟು.

"ಬಾವಿ ನೀರು ಪಾ, ಎಷ್ಟು ಸಲ ಹೇಳ್ಲಿ!" ಎಂದಳು ಕಾವೇರಿಬಾಯಿ ಬೇಸತ್ತು. "ನಮ್ಮ ಬಾವಿ ನೀರು ಮುಟ್ಟಿದ್ರ ಹಿಂಗಾಗ್ತದ."

ಇಬ್ಬರು ದೊಡ್ಡ ಮನುಷ್ಯರೂ ಆ ಮಾತನ್ನು ನೀರಿನಲ್ಲಿ ಮುಳುಗುವವರು ಹಲಗೆ ಹಿಡಿದಂತೆ ಹಿಡಿದರು.

"ಬಾವಿ ನೀರು!" ಎಂದರು ಆಫೀಸರು.

"ಬಾವಿ ನೀರs" ಎಂದರು ಚನ್ನಬಸಯ್ಯನವರು. "ಇನ್ನೊಮ್ಮೆ ನೋಡಿದೆ. ಈ ನೀರಿನಾಗ ಅಪರೂಪದ ಖನಿಜ ಐತಿ. ಇಂಥಾ ಬಾವಿ ದೇಶದಾಗ ಇನ್ನೊಂದಿಲ್ಲ. ಬೇಕಾರ ಬರಕೊಡ್ತೀನಿ." ಅಲ್ಲಿಯೇ ಬರೆದುಕೊಟ್ಟರು. ಒಂದು ವರ್ಷ ದುಡಿದ ಗುರುರಾಜನಿಗೆ ಇನ್ನೂ ಸಿಗದ ಮುಖ್ಯ ಕೆಮಿಸ್ಟರ ಸಹಿ, ಏನೂ ದುಡಿಯದ ಬಾವಿಗೆ ಅರ್ಧ ಗಳಿಗೆಯಲ್ಲಿ ಸಿಕ್ಕಿತು.

ಇನ್ನುಳಿದದ್ದು ಒಂದೇ ತೊಡಕು. ಶಾಯಿ ಎಲ್ಲಿ ಹಚ್ಚುವುದು? ಕಪ್ಪು ಕೈಗೆ ಕಪ್ಪು ಹಚ್ಚಿ ಏನು ಪ್ರಯೋಜನ? ಆಫೀಸರು ಕಾಯಿದೆ ಪುಸ್ತಕ ತಿರುವಿದರು. ಬಾವಿ ಹಾಲಾದ ಊರಿಗೆ ಅದರಲ್ಲಿ ಕಲಮೇ ಇರಲಿಲ್ಲ. ಕೊನೆಗೆ ಕಾಲಿನ ಹೆಬ್ಬೆರಳು ಎಂದು ತೀರ್ಮಾನವಾಯಿತು.

ಕಾವೇರಿಬಾಯಿ ಕಾಲು ಮುಂದೆ ಚಾಚಿದಳು. ಮೇಜಿನ ಮೇಲೆ ಕಾಲಿಡುವುದು ಮರ್ಯಾದೆಯಲ್ಲವೆಂದು ಕರ್ನೂಲಿನ ಆಫೀಸರೇ ನೆಲಕ್ಕೆ ಮೊಣಕಾಲೂರಿ, ತಲೆ ಬಗ್ಗಿಸಿ, ಎಡಗೈಯಲ್ಲಿ ಅವಳ ಪಾದ ಹಿಡಿದು ಹೆಬ್ಬೆರಳಿಗೆ ಶಾಯಿ ಹಚ್ಚಿದರು. ಕಾಲಿಗೆ ಬಿದ್ದವರನ್ನು ಬರಿದೇ ಎಬ್ಬಿಸುವ ಪದ್ಧತಿ ಅವಳಿಗಿರಲಿಲ್ಲ.

"ದೀರ್ಘಾಯುಷ್ಯವಾಗಲಿ ಪಾ. ಮಕ್ಕಳು ಮರಿ ಆಗಲಿ" ಎಂದು ಅವರ ತಲೆಯ ಮೇಲೆ ಕೈಯಿಟ್ಟು ಹರಸಿ, ಓಟು ಹಾಕಲು ಒಳಗೆ ಹೋದಳು. ಹೊರಗೆ ಬಂದು ಸ್ವಂತ ತಂಬಿಗೆಯ ನೀರು ಗಟಗಟ ಕುಡಿದಳು. ಅವಳ ಹಿಂದೆ ಜಯಾಬಾಯಿ "ಲಗೂನ ಪ್ರಮೋಷನ್ ಸಿಗಲಿ" ಎಂದು ಹರಸಿದಳು. ಆಚಾರ್ಯರು ಸಂಸ್ಕೃತದಲ್ಲಿ ಹರಸಿದರು. ಅದು ಮುಗಿಯುವವರೆಗೆ ಆಫೀಸರು ಏಳುವಂತಿರಲಿಲ್ಲ. ಸಂಜೆಯ ಹೊತ್ತಿಗೆ ಆ ಮನುಷ್ಯನ ತಲೆಯ ಮೇಲೆ ಬಿದ್ದ ಆಶೀರ್ವಾದಗಳನ್ನು ಹಂಚಿದ್ದರೆ ಜಿಲ್ಲೆಯಲ್ಲಿ ಬಂಜೆಯರು, ಬಡವರು, ನಿರುದ್ಯೋಗಿಗಳು ಯಾರೂ ಉಳಿಯುತ್ತಿರಲಿಲ್ಲ. ಅವರಿಗೆ ಉಳಿದದ್ದು ಸೊಂಟನೋವು.

ಲ್ಯಾಬಿಗೆ ಮರಳಿದ ಮೇಲೆ ಚನ್ನಬಸಯ್ಯನವರು ಬಾಗಿಲು ಹಾಕಿದರು.

"ಲೇ ತಮ್ಮಾ, ಖರೇ ಹೇಳಿದಿ. ಅದಕ್ಕ ನಿನ್ನ ಓಡಿಸಂಗಿಲ್ಲ. ಆದ್ರ ಕಳವು ಕಳವs. ಆ ಬಾಟ್ಲಿಯಿಂದ ಎಷ್ಟು ಮಂದಿ ಕೈ ಕರ್ರಗಾಗ್ಯಾವು, ಅವೆಲ್ಲ ಬೆಳ್ಳಗಾಗಾಮಟ ಸಹಿ ಇಲ್ಲ. ಕಡೀ ಬೆರಳು ಬೆಳ್ಳಗಾದ ದಿನ ಬಾ."

ಅಂದಿನಿಂದ ಗುರುರಾಜ ದಿನಾಲು ಸಂಜೆ ಓಣಿಯ ಕೈಗಳನ್ನು ನೋಡಿಕೊಂಡು ಬರತೊಡಗಿದ. ಸ್ವಂತ ಖರ್ಚಿನಲ್ಲಿ ನಿಂಬೆಹಣ್ಣು ಹಂಚಿದ. ಪರೀಕ್ಷೆ ಹತ್ತಿರ ಬರುತ್ತಿತ್ತು. ಬೆರಳುಗಳು ಒಂದೊಂದೇ ತಿಳಿಯಾಗುತ್ತಿದ್ದವು. ಜಯಾಬಾಯಿಯದು ಬೆಳ್ಳಗಾಯಿತು, ಆಚಾರ್ಯರ ಕಾಡಿಗೆ ಅಳಿಯಿತು. ಕಾವೇರಿಬಾಯಿಯ ಬೆರಳು ಮಾತ್ರ ದಿನದಿನಕ್ಕೆ ಇನ್ನೂ ಮಿರಮಿರನೆ ಮಿಂಚುತ್ತಿತ್ತು.

"ಅತ್ತೀ, ಇದೇನಿದು?"

"ಬಾವಿ ಮಹಿಮಾ" ಎಂದಳು ಅವಳು. ಬಾಟಲಿಯ ತಳದಲ್ಲಿ ಉಳಿದಿದ್ದನ್ನು ದೇವರ ಪೆಟ್ಟಿಗೆಯಲ್ಲಿಟ್ಟುಕೊಂಡು ಪೂಜೆಯಾದ ಮೇಲೆ ದಿನಾಲು ಬೋಗುಣಿಯ ಬಾವಿ ನೀರಿಗೆ ಒಂದಿಷ್ಟು ಬಿಟ್ಟು ಕಣ್ಣಿಗೊತ್ತಿಕೊಳ್ಳುತ್ತಿದ್ದಾಳೆಂದು ಹೇಳಲಿಲ್ಲ. ಬಾಟಲಿಯ ಮಾತನ್ನು ಅವನು ಕೇಳಿರಲಿಲ್ಲ.

ಕೊನೆಗೆ ಚನ್ನಬಸಯ್ಯನವರೇ ಒಂದು ಸಂಜೆ ಕಡೆಯ ಬೆರಳನ್ನು ಕಣ್ಣಾರೆ ನೋಡಿ, ಖಾಲಿ ಬಾಟಲಿಯನ್ನಾದರೂ ಒಯ್ಯೋಣವೆಂದು ಓಣಿಗೆ ಬಂದರು. ತನ್ನ ಮಾವನವರ ಬಾವಿಗೆ ಸರ್ಟಿಫಿಕೇಟು ಕೊಟ್ಟ ಪುಣ್ಯಾತ್ಮರು ಮನೆಗೆ ಬಂದಿದ್ದಾರೆ! ಕಾವೇರಿಬಾಯಿ ಜಗಲಿಯ ಮೇಲೆ ಚಾಪೆ ಹಾಸಿ ಕೂಡಿಸಿದಳು. "ಕೈ ಚಾಚ್ರಿ" ಎಂದಳು. ಸಕ್ಕರೆ ಕೊಡುತ್ತಾಳೆಂದು ಅವರು ಎರಡೂ ಕೈ ಚಾಚಿದರು. ಬೋಗುಣಿಯ ತೀರ್ಥ ತುಂಬಿ ಸುರಿದಳು. ಅವರು "ಅಯ್ಯಯ್ಯೋ" ಎಂದು ಕಣ್ಣು ಮುಚ್ಚಿದರೋ ಇಲ್ಲವೋ, ರೆಪ್ಪೆಯ ಮೇಲೂ ಹಚ್ಚಿದಳು.

ಮರುದಿನ ಮಧ್ಯಾಹ್ನ ಮುಖ್ಯ ಕೆಮಿಸ್ಟರು ಲ್ಯಾಬಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಗುರುರಾಜನನ್ನು ಕರೆದರು. ಕಣ್ಣಿಗೆ ಕಾಡಿಗೆ, ಕೈಗೆ ಕಪ್ಪು.

"ಸಾರ್" ಎಂದ ಗುರುರಾಜ ಬಹಳ ಮರ್ಯಾದೆಯಿಂದ, "ಇದೂ ಅದೇ ಬಾಟ್ಲೀದು. ಇದು ಬೆಳ್ಳಗಾಗೋಮಟ ನಾ ಇಲ್ಲೇ ಇರಬೇಕಲ್ಲ?"

ಚನ್ನಬಸಯ್ಯನವರು ಅವನನ್ನು ನೋಡಿದರು. ಕಪಾಟಿನಲ್ಲಿ ಉಳಿದಿದ್ದ ಬಾಟಲಿಗಳನ್ನು ನೋಡಿದರು. ಇನ್ನೊಂದು ತಿಂಗಳು ಈ ಹುಡುಗ ಇಲ್ಲಿದ್ದರೆ ಮಠದ ಓಣಿಗೆ ಇನ್ನೇನೇನು ಹೋಗಬಹುದೆಂದು ಯೋಚಿಸಿದರು. ಪೆನ್ನು ತೆಗೆದು ಸರ್ಟಿಫಿಕೇಟಿಗೆ ಎರಡು ಕಡೆ ಸಹಿ ಹಾಕಿದರು. ಕೇಳಿದ್ದು ಒಂದೇ ಕಡೆ.

"ಹೋಗು. ಇವತ್ತಿನ ಗಾಡಿಗೇ ಹೋಗು."

ಗುರುರಾಜ ಹಾಸಿಗೆ ಸುತ್ತಿಕೊಂಡು ಅತ್ತೆಗೆ ನಮಸ್ಕಾರ ಮಾಡಿ ಸರ್ಟಿಫಿಕೇಟು ತೋರಿಸಿದ. ಕಾವೇರಿಬಾಯಿಯ ಕಣ್ಣು ತುಂಬಿ ಬಂತು.

"ಮಾವನವರ ಕೃಪಾ. ತಾಳು, ಇದರ ಮ್ಯಾಲೆ ನಾಕು ಹನಿ ಬಾವಿ ನೀರು ಪ್ರೋಕ್ಷಣೆ ಮಾಡ್ತೀನಿ" ಎಂದು ಬೋಗುಣಿ ಎತ್ತಿದಳು.

ಗುರುರಾಜ ಆ ವರ್ಷ ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಕಾಲಿಗಿಳಿಯಿತು. ಸರ್ಟಿಫಿಕೇಟನ್ನು ಅಂಗಿಯೊಳಗೆ ತುರುಕಿಕೊಂಡು, ಹಾಸಿಗೆಯನ್ನು ಅಲ್ಲೇ ಬಿಟ್ಟು, ಸ್ಟೇಷನ್ನಿನ ದಾರಿ ಹಿಡಿದು ಓಡಿದ. ಹಿಂದೆ ಬೋಗುಣಿ ಹಿಡಿದ ಅತ್ತೆ. ಅವಳ ಹಿಂದೆ ಯಾಕೆಂದು ತಿಳಿಯದೆ ಓಡುತ್ತಿದ್ದ ಇಡೀ ಓಣಿ. ಚಲಿಸುತ್ತಿದ್ದ ಗಾಡಿಗೆ ಅವನು ಹಾರಿ ಹತ್ತಿದ. ಗಾಡಿ ಹೊರಟುಹೋಯಿತು.

ಕಾವೇರಿಬಾಯಿ ಪ್ಲಾಟ್‌ಫಾರ್ಮಿನ ಮೇಲೆ ಏದುಸಿರು ಬಿಡುತ್ತ ನಿಂತಳು. ಕೈಯಲ್ಲಿ ಬೋಗುಣಿ, ಬೋಗುಣಿಯಲ್ಲಿ ತೀರ್ಥ. ಎತ್ತಿದ ತೀರ್ಥವನ್ನು ನೆಲಕ್ಕೆ ಚೆಲ್ಲುವುದು ಅವಳ ಮನೆತನದಲ್ಲಿ ಇರಲಿಲ್ಲ. ಅತ್ತ ಇತ್ತ ನೋಡಿದಳು. ಹಸಿರು ನಿಶಾನೆ ಸುತ್ತಿಕೊಳ್ಳುತ್ತ ಸ್ಟೇಷನ್ ಮಾಸ್ತರರು ಬರುತ್ತಿದ್ದರು.

"ನಮ್ಮ ಹುಡುಗನ್ನ ಸುಖವಾಗಿ ಕಳಿಸಿದ್ರಿ. ನೂರು ವರ್ಷ ಬಾಳ್ರಿ" ಎಂದು ಅವಳು ಬೋಗುಣಿಯ ತೀರ್ಥವನ್ನು ಅವರ ತಲೆಯಿಂದ ಕಾಲಿನವರೆಗೆ ಸಾವಕಾಶವಾಗಿ, ಒಂದು ಹನಿಯೂ ಉಳಿಯದಂತೆ ಪ್ರೋಕ್ಷಣೆ ಮಾಡಿ ಮುಗಿಸಿದಳು.

ಮಾಸ್ತರರು ಕೈ ಮುಗಿದರು. ಅವರ ಬಿಳಿ ಯೂನಿಫಾರಂ ಆ ಹೊತ್ತಿಗೆ ಇನ್ನೂ ಬೆಳ್ಳಗೇ ಇತ್ತು.